ಗೇಣಗಲದ ಗೋಟು

ಸಕಲೇಶಪುರದ ದರ್ಜಿ ವೀರಭದ್ರಯ್ಯ ಸುಳ್ಳುಗಾರನಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಅವನು ಹೇಳಿಕೊಂಡು ಬಂದದ್ದು ಬರೀ ಎರಡು ಸುಳ್ಳು. ಒಂದು, ಅಂಗಡಿಯಲ್ಲಿ ಗಿರಾಕಿಗಳಿಗೆ: “ನಿಮ್ಮ ಬಟ್ಟೆ ಅಳೆದಿಟ್ಟಂಗೆ ಸಾಲ್ತು ನೋಡಿ, ಒಂದು ಚೂರೂ ಮಿಗಲಿಲ್ಲ.” ಇನ್ನೊಂದು, ಮನೆಯಲ್ಲಿ ಹೆಂಡತಿ ಸುಲೋಚನಮ್ಮನಿಗೆ: “ಈ ಚೂರುಗಳೆಲ್ಲ ಗಿರಾಕಿಗಳು ಬೇಡ ಅಂತ ಬಿಟ್ಟುಹೋದದ್ದು ಕಣೇ.” ಅಂಗಡಿಯಿದ್ದದ್ದು ಪೇಟೆ ಬೀದಿಯಲ್ಲಿ, ಮನೆಯಿದ್ದದ್ದು ಹೊಳೆಯಾಚೆ. ನಡುವೆ ಹೇಮಾವತಿ ಹರಿಯುತ್ತಿದ್ದುದರಿಂದ ಎರಡು ಸುಳ್ಳುಗಳೂ ಒಂದರ ಮುಖ ಇನ್ನೊಂದು ನೋಡದೆ ಸುಖವಾಗಿದ್ದವು.

ಅವೆರಡನ್ನೂ ಒಂದೇ ಕಡೆ ಕೂಡಿಸಿದ್ದು ಮಹಿಳಾ ಸಮಾಜ. ಊರಿಗೆ ನಯಾಪೈಸೆಯೂ ಮಹಿಳಾ ಸಮಾಜವೂ ಹೆಚ್ಚುಕಮ್ಮಿ ಒಟ್ಟಿಗೇ ಬಂದಿದ್ದವು. ನಯಾಪೈಸೆಯ ಲೆಕ್ಕ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಸಮಾಜದ ಲೆಕ್ಕ ಗಂಡಸರಿಗೆ ಅರ್ಥವಾಗುತ್ತಿರಲಿಲ್ಲ. ಸಮಾಜದ ಕಾರ್ಯದರ್ಶಿ ಸುಮಿತ್ರಮ್ಮ, ಅಂದರೆ ಹೆಡ್‌ಮಾಸ್ಟರ ಹೆಂಡತಿ, ಯಾವುದೋ ಬಿಳಿ ದೊರೆಯ ಬಂಗಲೆಯಲ್ಲಿ ಬೊಂತೆಯನ್ನು ಗೋಡೆಗೆ ತೂಗುಹಾಕಿದ್ದನ್ನು ಕಂಡು ಬಂದಿದ್ದರು. ಬಟ್ಟೆ ಚೂರುಗಳನ್ನು ಕೂಡಿಸಿ, ಒಳಗೆ ಹಳೇ ಸೀರೆ ಇಟ್ಟು, ಒತ್ತೊತ್ತಾಗಿ ಹೊಲಿದ ಬೊಂತೆ ನಮ್ಮ ಕಡೆ ಹಾಸುವುದಕ್ಕೆ, ಹೊದೆಯುವುದಕ್ಕೆ. ಅದನ್ನು ಗೋಡೆಗೆ ಹಾಕುತ್ತಾರೆಂದರೆ ಊರು ನಗದೆ ಇರುತ್ತದೆಯೆ? “ಗೋಡೆಗೂ ಚಳಿಯಂತೋ?” ಎಂದು ಕೇಳಿದವರೇ ಎಲ್ಲ. ಆದರೆ ಸುಮಿತ್ರಮ್ಮ ಜಗ್ಗುವ ಹೆಂಗಸಲ್ಲ. ಸ್ಕೂಲ್ ಹಾಲಿನಲ್ಲಿ ವಸ್ತುಪ್ರದರ್ಶನ ಇಟ್ಟೇಬಿಟ್ಟರು.

ಪ್ರದರ್ಶನದ ದಿನ ಬೆಳಗ್ಗೆ ಸುಲೋಚನಮ್ಮ ಒಂದು ದೊಡ್ಡ ಗಂಟು ಹೊತ್ತು, ಸೇತುವೆ ದಾಟಿ, ಗಂಡನ ಅಂಗಡಿಗೆ ಬಂದಳು. ಅವಳು ಅಂಗಡಿಗೆ ಬರುವುದೇ ಅಪರೂಪ. ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ.

“ಕಣ್ಣು ಮುಚ್ಕಳ್ರಿ,” ಎಂದಳು. ವೀರಭದ್ರಯ್ಯ ಮುಚ್ಚಿಕೊಂಡ. “ಈಗ ಬುಡ್ರಿ.”

ಬಿಟ್ಟವನು ಮತ್ತೆ ಮುಚ್ಚಿಕೊಳ್ಳಬೇಕು ಅನ್ನಿಸುವಂತಿತ್ತು. ಕತ್ತರಿಸುವ ಮೇಜಿನ ತುಂಬ ಒಂದು ಬೊಂತೆ ಹರಡಿತ್ತು. ನಡುವೆ ಎಂಟು ಮೂಲೆಯ ನಕ್ಷತ್ರ, ನಮ್ಮ ಮಂಜರಾಬಾದಿನ ಕೋಟೆಯ ಹಾಗೆ. ಸುತ್ತ ಬಣ್ಣಬಣ್ಣದ ಚೌಕಗಳು. ಕೈಹೊಲಿಗೆ ಅಕ್ಕಿಕಾಳು ಜೋಡಿಸಿದಷ್ಟು ಸಣ್ಣ, ಅಷ್ಟೇ ನೇರ. ಬೇರೆ ಯಾರಾದರೂ ಮಾಡಿದ್ದರೆ ವೀರಭದ್ರಯ್ಯ ಕೈಮುಗಿಯುತ್ತಿದ್ದ. ಆದರೆ ಅವನ ಕಣ್ಣಿಗೆ ಕಂಡದ್ದು ನಕ್ಷತ್ರವಲ್ಲ. ಪಕ್ಕದಂಗಡಿ ಗಯಾಜನ ಪಟ್ಟೆ ಪೈಜಾಮ ಕಂಡಿತು. ಸೊಪ್ಪಿನ ಈರಮ್ಮನ ಚುಕ್ಕಿ ರವಿಕೆ ಕಂಡಿತು. ಹೆಡ್‌ಮಾಸ್ಟರ ಬೂದಿ ಕೋಟು, ಪೋಸ್ಟ್‌ಮಾಸ್ಟರ ಅಂಗಿ, ಸುಮಿತ್ರಮ್ಮನ ಮಗಳ ಹೂವಿನ ಲಂಗ, ಒಂದೊಂದೂ ಎದ್ದು ನಿಂತು ತನ್ನ ಯಜಮಾನರ ಹೆಸರು ಕೂಗುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಗಿಳಿಹಸಿರು ರೇಷ್ಮೆಯ ತುಂಡು. ವೀರಭದ್ರಯ್ಯ ಅದರ ಮೇಲೆ ಬೆರಳಿಟ್ಟ.

“ಇದು... ದೋಣಿಗಲ್ ಅಮ್ಮಾವ್ರುದು ಅಲ್ವೇನೇ?”

“ಹೂಂ ಮತ್ತೆ! ನೀವು ತಂದುಕೊಟ್ಟ ಚೂರಲ್ಲೆಲ್ಲ ಅದೇ ಚೆಂದದ್ದು. ಅದಕ್ಕೇ ಮೂಲೆಗೆ ಇಟ್ಟಿವ್ನಿ. ಎಂಥ ದೊಡ್ಡ ಮನಸ್ಸು ಕಣ್ರೀ ಅವರದು, ರೇಷ್ಮೇನೂ ಬೇಡ ಅಂತ ಬುಟ್ಟೋಗೋದು!”

ದೋಣಿಗಲ್ ಅಮ್ಮಾವ್ರೆಂದರೆ ಜಗದಾಂಬ, ದೋಣಿಗಲ್ ಹತ್ತಿರದ ದೊಡ್ಡ ಕಾಫಿ ಎಸ್ಟೇಟಿನ ಯಜಮಾನ್ತಿ. ಹೋದ ದೀಪಾವಳಿಗೆ ಆ ರೇಷ್ಮೆಯಲ್ಲಿ ರವಿಕೆ ಹೊಲಿಸಿದ್ದರು. “ತೋಳಿಗೆ ಸಾಲ್ಲಿಲ್ಲ ಅಮ್ಮಾವ್ರೇ, ಈಗ ಗಿಡ್ಡ ತೋಳೇ ಫ್ಯಾಷನ್ನು,” ಎಂದು ವೀರಭದ್ರಯ್ಯ ನಯವಾಗಿ ಒಪ್ಪಿಸಿದ್ದ. ಆಕೆ ಹಬ್ಬವಿಡೀ ಸೆರಗನ್ನು ತೋಳಿನ ಮೇಲೆಳೆದುಕೊಂಡೇ ಓಡಾಡಿದ್ದರಂತೆ. ಈಗ ಅವರ ಮಗಳಿಗೆ ಮದುವೆ ಗೊತ್ತಾಗಿತ್ತು. ಮನೆಮಂದಿಯದು, ನೆಂಟರದು, ತೋಟದ ಲೈನ್‌ಮನೆಗಳ ಆಳುಗಳದು, ಎಲ್ಲ ಸೇರಿ ಹೊಲಿಗೆ ರಾಶಿ. ಅದಷ್ಟೂ ವೀರಭದ್ರಯ್ಯನಿಗೋ, ಬಸ್‌ಸ್ಟ್ಯಾಂಡ್ ಹತ್ತಿರ ಹೊಸದಾಗಿ ಹೊಲಿಗೆ ಅಂಗಡಿ ಇಟ್ಟಿದ್ದ ಮಗ್ಗೆ ಊರಿನ ದೇವೀರಪ್ಪನಿಗೋ ಎಂಬುದನ್ನು ಅವರು ಇನ್ನೂ ಹೇಳಿರಲಿಲ್ಲ. “ಪ್ರದರ್ಶನಕ್ಕೆ ಬರ್ತೀನಲ್ಲ, ಅವತ್ತು ಹೇಳ್ತೀನಿ,” ಎಂದಿದ್ದರು. ಆ ಸಂಜೆಯ ಮುಖ್ಯ ಅತಿಥಿ ಅವರೇ.

“ಇನ್ನೇನಿಲ್ಲ ಕಣ್ರೀ,” ಎಂದಳು ಸುಲೋಚನಮ್ಮ. “ಸುತ್ತ ಅಂಚಿಗೆ ಎರಡು ಬೆರಳಗಲ ಗೋಟು ಕೊಡ್ರಿ. ಹಿಂದುಗಡೆ ಮೇಲಂಚಿಗೆ ಒಂದು ಕೋಲುಪಟ್ಟಿ ಹೊಲೀರಿ, ಬಿದಿರ ಕೋಲು ತೂರಿಸಿ ನೇತುಹಾಕಕ್ಕೆ. ಮಧ್ಯಾಹ್ನದೊಳಗೆ ಬೇಕಂತೆ. ಅಂಚಿನ ಕೆಲಸ ನಿಮ್ಮ ಕೈಯಲ್ಲೇ ಆಗ್ಲಿ ಅಂತ ಬುಟ್ಟಿದ್ದೆ.”

ನಿಜ ಹೇಳಿಬಿಡಬೇಕೆಂದು ವೀರಭದ್ರಯ್ಯ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಇವಳ ಕೈಕೆಲಸವನ್ನು ಯಾರೂ ಈವರೆಗೆ ಗೋಡೆಗೆ ಹಾಕುತ್ತೇನೆಂದವರಿಲ್ಲ. ಮದುವೆಯಾದಾಗಿನಿಂದ ಅವಳು ತನ್ನನ್ನು ಹರಿಶ್ಚಂದ್ರನ ಮೊಮ್ಮಗನೆಂದೇ ತಿಳಿದಿದ್ದಾಳೆ. ತೆರೆದ ಬಾಯಿಂದ “ಚೆನ್ನಾಗೈತೆ” ಎಂಬೊಂದು ಮಾತು ಮಾತ್ರ ಬಂತು, ಅದೂ ನಿಜವೇ.

ಅವಳು ಅಡುಗೆ ಮಾಡಲೆಂದು ಮನೆಗೆ ಹೋದದ್ದೇ ತಡ, ವೀರಭದ್ರಯ್ಯ ಮೊದಲ ಉಪಾಯ ಹೂಡಿದ. ಮೆಷಿನ್ನಿನ ಬೆಲ್ಟನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿದ. ಮೆಷಿನ್ ಕೆಟ್ಟರೆ ಕೋಲುಪಟ್ಟಿಯಿಲ್ಲ, ಕೋಲುಪಟ್ಟಿಯಿಲ್ಲದಿದ್ದರೆ ಬೊಂತೆ ಗೋಡೆ ಹತ್ತುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಪಕ್ಕದ ದಾರ-ಗುಂಡಿ ಅಂಗಡಿಯ ಗಯಾಜ್ ಒಳಗೆ ಬಂದ. ವೀರಭದ್ರಯ್ಯ ಗಾಬರಿಯಲ್ಲಿ ಬೊಂತೆಯನ್ನು ಮುದುರಿ ಸ್ಟೂಲಿನ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟ.

“ಏನ್ ವೀರಭದ್ರಣ್ಣ, ಮೆಷಿನ್ ಸದ್ದೇ ಇಲ್ಲ?”

“ಬೆಲ್ಟ್ ಹೋಗ್ಬುಡ್ತು ಮಾರಾಯ. ಹಾಸನದಿಂದ ತರಿಸ್ಬೇಕು. ಇವತ್ತಿಗೆ ಆಗೋ ಮಾತಲ್ಲ.”

“ಹಾಸನ ಯಾಕೆ? ನನ್ನ ಅಂಗ್ಡೀಲಿ ಹೊಸದು ಐತೆ. ಅತ್ತಿಗೆ ಬೊಂತೆ ಗೋಡೆಗೆ ಹಾಕ್ತಾರಂತಲ್ಲ, ನಮ್ಮನೆಯೋಳು ಬೆಳಗ್ಗಿಂದ ಅದೇ ಮಾತು. ಬೆಲ್ಟಿಗೋಸ್ಕರ ನಿಂತೋದ್ರೆ ನಮ್ಮ ಬೀದಿ ಮಾನ ಉಳೀತದಾ?”

ಉಪಕಾರ ಮಾಡಲು ಹೊರಟ ಮನುಷ್ಯನನ್ನು ತಡೆಯುವುದು ಕಷ್ಟ, ಗಯಾಜನನ್ನಂತೂ ಆಗದು. ಬೆಲ್ಟ್ ತಂದ, ತಾನೇ ನೆಲಕ್ಕೆ ಕೂತು ಗಾಲಿಗೆ ಸುತ್ತಿದ, ಎಣ್ಣೆ ಬಿಟ್ಟ. “ಏಳು, ತುಳಿದು ನೋಡು,” ಎಂದ. ವೀರಭದ್ರಯ್ಯ ಏಳಲಿಲ್ಲ.

“ಏನಪ್ಪ, ಮೊಟ್ಟೆಗೆ ಕಾವು ಕೊಡೋ ಕೋಳಿ ಕೂತಂಗೆ ಕೂತಿದ್ದೀಯಲ್ಲ?”

“ಸೊಂಟ ಹಿಡಿದೈತೆ.”

“ಹಂಗಾದ್ರೆ ತಡಿ, ತೈಲ ತತ್ತೀನಿ.”

ತೈಲ ಬರುವುದರೊಳಗೆ ಸೊಪ್ಪಿನ ಈರಮ್ಮ ಬಂದಳು. ಈರಮ್ಮ ಬೀದಿಬೀದಿಗೆ ಸೊಪ್ಪು ಮಾರುವವಳು, ಜೊತೆಗೆ ಸುದ್ದಿಯನ್ನು ಪುಕ್ಕಟೆ ಕೊಡುವವಳು.

“ವೀರಭದ್ರಯ್ಯೋರೇ, ನನ್ನ ಚುಕ್ಕಿ ರವ್ಕೆ ಕಂಕ್ಳಲ್ಲಿ ಹರಿದೋಗ್ಬುಟ್ಟೈತೆ. ತ್ಯಾಪೆ ಹಾಕಕ್ಕೆ ಅದೇ ಬಟ್ಟೆ ಒಂದು ಚೂರು ಉಳಿದಿದ್ರೆ ಕೊಡಿ.”

ಅವಳು ಕೇಳುತ್ತಿದ್ದ ಚೂರು ವೀರಭದ್ರಯ್ಯನ ಕೆಳಗೇ ಇತ್ತು. ಅದರ ಬಿಸಿ ತನಗೆ ತಾಗುತ್ತಿದೆ ಎನ್ನಿಸಿತು ಅವನಿಗೆ.

“ನಿಂದಾ? ಅಯ್ಯೋ, ಅವತ್ತೇ ಹೇಳಿರ್ಲಿಲ್ವಾ ಈರಮ್ಮ, ದಾರದೆಳೆಯಷ್ಟೂ ಮಿಗಲಿಲ್ಲ.”

“ಹೋಗ್ಲಿ ಬುಡಿ,” ಎಂದು ಈರಮ್ಮ ಒಂದು ಥರ ನೋಡಿ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವೀರಭದ್ರಯ್ಯ ಎದ್ದು ಸ್ಟೂಲು ಮುಟ್ಟಿ ನೋಡಿಕೊಂಡ. ಗಯಾಜ್ ತೈಲ ತಂದು ಸೊಂಟಕ್ಕೆ ತಿಕ್ಕಿಯೇ ಹೋದ.

ಎರಡನೆಯ ಉಪಾಯ ಹೊಳೆದಾಗ ತನ್ನ ಬುದ್ಧಿಗೆ ತಾನೇ ತಲೆದೂಗಿದ ವೀರಭದ್ರಯ್ಯ. ಕೋಲುಪಟ್ಟಿಯನ್ನು ಹಿಂದುಗಡೆ ಬದಲು ಮುಂದುಗಡೆಗೆ ಹೊಲಿದರೆ? ಆಗ ಬೊಂತೆಯ ಮುಖ ಗೋಡೆಯ ಕಡೆ, ಬೆನ್ನು ಜನರ ಕಡೆ. ಬೆನ್ನಿಗೆ ಸುಲೋಚನಮ್ಮನದೇ ಹಳೇ ಬಿಳೀ ಸೀರೆ. ಜನ ಬಂದು ಬಿಳೀ ಸೀರೆ ನೋಡಿಕೊಂಡು ಹೋಗಲಿ. ಸರಸರನೆ ಪಟ್ಟಿ ಕತ್ತರಿಸಿ, ನಕ್ಷತ್ರದ ತಲೆಯ ಮೇಲೆ ಅಡ್ಡಕ್ಕೆ ಹೊಲಿದೇಬಿಟ್ಟ.

ದಾರ ಕಡಿಯುವಾಗ ಸುಲೋಚನಮ್ಮ ರೊಟ್ಟಿ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನ್ರೀ ಇದು! ಮುಂದುಗಡೆಗೆ ಹೊಲಿದ್ಬುಟ್ಟಿದ್ದೀರಲ್ಲ?”

“ಹಾಂ? ಓಹೋ... ಹೌದಲ್ಲ!”

“ಇಷ್ಟು ವರ್ಷ ಕತ್ತರಿ ಹಿಡಿದೋರು, ಹಿಂದು ಮುಂದು ಗೊತ್ತಾಗಲಿಲ್ವಾ?” ಎಂದು ಬಯ್ಯುತ್ತಲೇ ಅವಳು ಸೂಜಿಯಿಂದ ಹೊಲಿಗೆ ಬಿಚ್ಚತೊಡಗಿದಳು. ಆಮೇಲೆ ಇದ್ದಕ್ಕಿದ್ದಂತೆ ಮೆತ್ತಗಾಗಿ, “ನನ್ನ ಕೆಲಸ ನೋಡಿ ನಿಮಗೂ ಖುಷೀಲಿ ಕೈ ತಪ್ಪೈತೆ ಅಲ್ವಾ?” ಎಂದಳು. ವೀರಭದ್ರಯ್ಯ ರೊಟ್ಟಿ ಬುತ್ತಿಯನ್ನು ಬಿಚ್ಚದೆ ಪಕ್ಕಕ್ಕಿಟ್ಟ. ಅವಳೆದುರಿಗೇ ಕೋಲುಪಟ್ಟಿಯನ್ನು ಹಿಂದುಗಡೆಗೆ ಸರಿಯಾಗಿ ಹೊಲಿಯಬೇಕಾಯಿತು.

ಇನ್ನು ಉಳಿದದ್ದು ಗೋಟು. ಊರಿನ ಚೂರನ್ನೆಲ್ಲ ಮುಚ್ಚುವುದು ಸಾಧ್ಯವಿಲ್ಲ. ಬಯ್ಯುವವರು ಬಯ್ಯಲಿ, ನಾಲ್ಕು ದಿನ ಬೈದು ಸುಮ್ಮನಾಗುತ್ತಾರೆ ಎಂದುಕೊಂಡ. ಆದರೆ ಜಗದಾಂಬ ಅಮ್ಮನವರ ಕಣ್ಣಿಗೆ ಆ ಗಿಳಿಹಸಿರು ಬಿತ್ತೋ, ಮದುವೆ ಹೊಲಿಗೆಯಷ್ಟೂ ದೇವೀರಪ್ಪನ ಪಾಲು. ಆ ರೇಷ್ಮೆ ಇದ್ದದ್ದು ಮೂಲೆಗಳಲ್ಲಿ. ಮೂಲೆ ಎಂದರೆ ಅಂಚು. ಅಂಚು ಎಂದರೆ ಗೋಟು!

“ಎರಡು ಬೆರಳು ಗೋಟು ದರಿದ್ರವಾಗಿ ಕಾಣ್ತದೆ ಕಣೇ,” ಎಂದ. “ಒಂದು ಗೇಣು ಕೊಡ್ತೀನಿ.”

“ಅಷ್ಟಗಲಕ್ಕೆ ಬಟ್ಟೆ ಎಲ್ಲಿ?”

“ಹೊಸದು ತತ್ತೀನಿ.”

ಸುಲೋಚನಮ್ಮ ಗಂಡನನ್ನೇ ನೋಡಿದಳು. ದರ್ಜಿಯ ಹೆಂಡತಿಯಾಗಿ ಅವಳು ಹೊಸ ಬಟ್ಟೆ ಮುಟ್ಟಿದ್ದು ಗುಂಡಿಗೆ ಕಾಜಾ ಹಾಕುವಾಗ ಮಾತ್ರ, ಅದೂ ಬೇರೆಯವರದು. ವೀರಭದ್ರಯ್ಯ ಎದುರಿನ ಜವಳಿ ಅಂಗಡಿಗೆ ಹೋಗಿ ಮಿರಮಿರ ಮಿಂಚುವ ಕೆಂಪು ಬಟ್ಟೆ ಹರಿಸಿಕೊಂಡು ಬಂದ. ಅದನ್ನು ಕಂಡು ಅವಳ ಕಣ್ಣಲ್ಲಿ ನೀರಾಡಿತು.

“ನನ್ನ ಬೊಂತೆಗೆ ಹೊಸ ಬಟ್ಟೆ ತಂದ್ರಾ?” ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆ ಬಾಚಿ ಸೀರೆ ಉಟ್ಟು ಬರುತ್ತೇನೆಂದು ಮನೆಗೆ ಹೋದಳು. ವೀರಭದ್ರಯ್ಯ ಒಂದು ಗಳಿಗೆ ಕೆಂಪು ಬಟ್ಟೆಯನ್ನು ಕೆಳಗಿಟ್ಟ. ಮರುಗಳಿಗೆ ದೇವೀರಪ್ಪನ ನೆನಪಾಗಿ ಕಾಲು ತಾನಾಗಿಯೇ ಮೆಷಿನ್ ತುಳಿಯಿತು.

ತನ್ನ ಜೀವಮಾನದಲ್ಲಿ ಅವನು ಅಷ್ಟು ಚೆನ್ನಾದ ಗೋಟು ಹೊಲಿದಿರಲಿಲ್ಲ. ಮೂಲೆಗಳನ್ನು ಓರೆಯಾಗಿ ಮಡಿಸಿ, ಒಂದು ನಿರಿಗೆಯೂ ಬೀಳದಂತೆ ಕೂರಿಸಿದ. ಗಿಳಿಹಸಿರು ಕೆಂಪಿನೊಳಗೆ ಹೂತುಹೋಯಿತು. ಹಿಡಿದೆಳೆದು ನೋಡಿದ, ಬೆಳಕಿಗೆ ಹಿಡಿದು ನೋಡಿದ. ಒಂದೆಳೆಯೂ ಕಾಣಲಿಲ್ಲ. ಗಯಾಜ್ ಬಂದು, “ಶಭಾಷ್ ವೀರಭದ್ರಣ್ಣ, ಹೊಸ ಬಟ್ಟೆ ಬೇರೆ! ಅತ್ತಿಗೆ ಮೇಲೆ ಈ ವಯಸ್ಸಲ್ಲಿ ಇಷ್ಟು ಪ್ರೀತೀನಾ?” ಎಂದು ಕೀಟಲೆ ಮಾಡಿ, ಬೊಂತೆಯನ್ನು ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡು ಹಾಲಿಗೆ ನಡೆದ.

ವೀರಭದ್ರಯ್ಯ ಹಾಲಿಗೆ ಹೋದದ್ದು ಎಲ್ಲರಿಗಿಂತ ತಡವಾಗಿ, ಗೋಡೆ ಸವರಿಕೊಂಡು. ಉಪ್ಪಿನಕಾಯಿ, ಹಪ್ಪಳ, ಮಣಿಯ ಗಿಳಿ, ಊದುಬತ್ತಿ ಸ್ಟ್ಯಾಂಡು, ಯಾವುದರ ಮುಂದೂ ಜನವಿರಲಿಲ್ಲ. ಜನವೆಲ್ಲ ಒಂದು ಕಡೆ ಮುತ್ತಿಕೊಂಡಿದ್ದರು. ಬಿದಿರ ಕೋಲಿನಿಂದ ಇಳಿಬಿದ್ದ ಬೊಂತೆ ಅವರ ತಲೆಗಳ ಮೇಲೆ ಕೆಂಪಗೆ ಹೊಳೆಯುತ್ತಿತ್ತು. ಯಾರೋ ಕಿರುಚಿದರು.

“ಅದು ನನ್ನ ರವ್ಕೆ!”

ಈರಮ್ಮನ ದನಿ. ವೀರಭದ್ರಯ್ಯ ಕಂಬದ ಮರೆಗೆ ಸರಿದ. ಎಳೆದು ತಂದರು. ಈರಮ್ಮ ಅವನ ಕೈ ಹಿಡಿದು ಜಗ್ಗಿದಳು. ಹೊಡೆಯುತ್ತಾಳೆಂದು ಅವನು ಕಣ್ಣು ಮುಚ್ಚಿಕೊಂಡ.

“ನೋಡ್ರಪ್ಪೋ! ಸೊಪ್ಪಿನ ಈರಿ ರವ್ಕೆ ನಟ್ಟನಡುವೆ ಐತೆ! ಹೆಡ್‌ಮಾಸ್ಟ್ರ ಕೋಟಿನ ಪಕ್ಕದಲ್ಲೇ! ವೀರಭದ್ರಯ್ಯೋರೇ, ತ್ಯಾಪೆಗೆ ಇಲ್ಲ ಅಂದಿದ್ದು ಇದಕ್ಕಾ? ಒಳ್ಳೇದಾಯ್ತು ಬುಡಿ, ಕಂಕುಳ ಕೆಳಗೆ ಹಾಕೋದನ್ನ ಗೋಡೆ ಮೇಲೆ ಹಾಕಿದ್ರಿ!”

ವೀರಭದ್ರಯ್ಯ ಒಂದು ಕಣ್ಣು ತೆರೆದ. ಪೋಸ್ಟ್‌ಮಾಸ್ಟರು ತಮ್ಮ ಅಂಗಿಯ ಚೌಕವನ್ನು ಹೆಂಡತಿಗೆ ತೋರಿಸುತ್ತಿದ್ದರು. ಸುಮಿತ್ರಮ್ಮ ಮಗಳನ್ನು ಲಂಗದ ಚೂರಿನ ಕೆಳಗೆ ನಿಲ್ಲಿಸಿ ಬಂದವರಿಗೆಲ್ಲ ವಿವರಿಸುತ್ತಿದ್ದರು. ಗಯಾಜ್ ತನ್ನ ಪೈಜಾಮದ ಪಟ್ಟೆ ನಕ್ಷತ್ರದಲ್ಲಿ ಎರಡು ಕಡೆ ಬಂದಿದೆಯೆಂದೂ, ಪೋಸ್ಟ್‌ಮಾಸ್ಟರದು ಒಂದೇ ಕಡೆಯೆಂದೂ ವಾದಕ್ಕೆ ನಿಂತಿದ್ದ.

“ಗಯಾಜೂ,” ಎಂದು ವೀರಭದ್ರಯ್ಯ ಮೆಲ್ಲಗೆ ಕೇಳಿದ, “ನಿಮಗ್ಯಾರಿಗೂ ಕೋಪ ಇಲ್ವಾ?”

“ಯಾತಕ್ಕೆ? ದರ್ಜಿ ಚೂರು ಇಟ್ಕೊಳ್ಳೋದು ಊರಿಗೇ ಗೊತ್ತು ಮಾರಾಯ. ನೀನು ಅದನ್ನ ಮೈಸೂರಿಗೆ ಸಾಗಿಸಿ ಮಾರ್ಕೊಳ್ತೀಯ ಅಂತ ಅಂದ್ಕೊಂಡಿದ್ವಿ. ಇಲ್ಲೇ ಐತಲ್ಲ, ಸಾಕು.”

ಬೆಳಗ್ಗಿನಿಂದ ಹಿಡಿದಿಟ್ಟ ಉಸಿರನ್ನು ವೀರಭದ್ರಯ್ಯ ಆಗ ಬಿಟ್ಟ. ಒಳ್ಳೆಯ ಜನ, ಒಳ್ಳೆಯ ಊರು ಎಂದುಕೊಂಡ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಜಗದಾಂಬ ಬಂದರು. ಹಾರ ಹಾಕಿದ್ದಾಯಿತು, ಪ್ರಾರ್ಥನೆ ಹಾಡಿದ್ದಾಯಿತು. ಸುಮಿತ್ರಮ್ಮ ಅವರನ್ನು ನೇರವಾಗಿ ಬೊಂತೆಯ ಮುಂದಕ್ಕೆ ಕರೆತಂದು ಸುಲೋಚನಮ್ಮನನ್ನು ಪರಿಚಯ ಮಾಡಿಕೊಟ್ಟರು.

“ಇದರಲ್ಲಿ ಊರಿನೋರೆಲ್ಲ ಇದ್ದಾರೆ ಅಮ್ಮಾವ್ರೇ,” ಎಂದಳು ಈರಮ್ಮ, ಮುಖ್ಯ ಅತಿಥಿಗೂ ಕಾರ್ಯದರ್ಶಿಗೂ ನಡುವೆ ತೂರಿ. “ಇದು ನಾನು. ಇದು ಹೆಡ್‌ಮಾಸ್ಟ್ರು. ಇದು ಗಯಾಜ್ ಸಾಬ್ರು.”

ಜಗದಾಂಬ ನಗುತ್ತಾ ನೋಡಿದರು. ಮೇಲಿಂದ ಕೆಳಕ್ಕೆ ನೋಡಿದರು. ಎಡದಿಂದ ಬಲಕ್ಕೆ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದರು. ನಗು ಸಣ್ಣದಾಯಿತು.

“ನಾನೆಲ್ಲಿ?” ಎಂದರು.

ಜನ ವೀರಭದ್ರಯ್ಯನ ಕಡೆ ತಿರುಗಿದರು.

“ವೀರಭದ್ರಯ್ಯ, ಎಂಟು ವರ್ಷದಿಂದ ನಿನ್ನ ಹತ್ರಾನೇ ಹೊಲಿಸ್ತಾ ಇದ್ದೀನಿ. ಸೊಪ್ಪಿನ ಈರಮ್ಮಂದು ಐತೆ, ಸಂತೋಷ. ನಮ್ಮನೇದು ಒಂದು ಚೂರೂ ಬೇಡವಾಯ್ತಾ? ಇಲ್ಲಾ, ನಮ್ಮ ರೇಷ್ಮೆ ಮಾತ್ರ ಮೈಸೂರಿಗೆ ಹೋಯ್ತಾ?”

ವೀರಭದ್ರಯ್ಯ ಲೆಕ್ಕ ಹಾಕಿದ. ಇದೆ ಎಂದರೆ ಎಲ್ಲಿ ಎನ್ನುತ್ತಾರೆ. ಇಲ್ಲ ಎಂದರೆ ಮಾರಿಕೊಂಡ ಹಾಗಾಯಿತು. ಏನೂ ಮಿಗಲೇ ಇಲ್ಲ ಎಂದರೆ, ಏನೂ ಮಿಗದ ಊರಿನ ಬಟ್ಟೆಯೆಲ್ಲ ಅವರ ಕಣ್ಣೆದುರಿಗೇ ಗೋಡೆ ಮೇಲಿದೆ. ಅವನು ಯೋಚಿಸುತ್ತಿರುವಾಗಲೇ ಸುಲೋಚನಮ್ಮ ಮುಂದೆ ಬಂದಳು.

“ಅಯ್ಯೋ, ಅಮ್ಮಾವ್ರೇ! ನಿಮ್ಮದನ್ನ ಬುಡ್ತೀನಾ? ನಾಲ್ಕು ಮೂಲೆಗೂ ನಿಮ್ಮದೇ ಇಟ್ಟಿದ್ದು. ಇಲ್ಲೇ...” ಎಂದು ಕೆಳಗಿನ ಮೂಲೆಗೆ ಕೈ ಹಾಕಿದಳು. ಕೈಗೆ ಕೆಂಪು ಗೋಟು ಸಿಕ್ಕಿತು. ಸವರಿ ನೋಡಿದಳು, ಒತ್ತಿ ನೋಡಿದಳು. ಆಮೇಲೆ ತಿರುಗಿ ಗಂಡನ ಮುಖ ನೋಡಿದಳು. ಅವನು ಸೂರಿನ ಹೆಂಚು ನೋಡುತ್ತಿದ್ದ.

ಸುಲೋಚನಮ್ಮ ಗೋಟಿನ ಅಂಚನ್ನು ಬಾಯಿಯ ಹತ್ತಿರಕ್ಕೆ ತಂದಳು. ತುದಿಯ ದಾರವನ್ನು ಹಲ್ಲಿನಿಂದ ಕಡಿದು, ಸರ್ರನೆ ಎಳೆದಳು. ಅಷ್ಟು ಚೆನ್ನಾದ ಗೋಟು ನಾಲಿಗೆ ಚಾಚಿದಂತೆ ಜೋತುಬಿತ್ತು. ಅದರ ಹಿಂದೆ ಗಿಳಿಹಸಿರು ರೇಷ್ಮೆ ಹೊಸದಾಗಿ ಚಿಗುರಿದಂತೆ ಕಾಣಿಸಿತು. ಒಂದು ಮೂಲೆ, ಎರಡನೆಯ ಮೂಲೆ.

“ನೀವೇ ಬೇಡ ಅಂತ ಬುಟ್ಟೋಗಿದ್ರಲ್ಲ ಅಮ್ಮಾವ್ರೇ?” ಎಂದು ಕೇಳಿದಳು, ದನಿ ಸಣ್ಣಗೆ ಮಾಡಿ.

“ಯಾರು, ನಾನಾ? ತೋಳಿಗೆ ಸಾಲ್ದು ಅಂದಿದ್ದ ನಿನ್ನ ಗಂಡ.”

ಹೇಮಾವತಿ ಇಲ್ಲದ ಕಡೆ ಎರಡು ಸುಳ್ಳುಗಳೂ ಎದುರುಬದುರಾಗಿ ನಿಂತವು. ಸುಲೋಚನಮ್ಮ ಜೋತುಬಿದ್ದ ಕೆಂಪು ಬಟ್ಟೆಯನ್ನು ಕೈಯಲ್ಲಿ ಹಿಡಿದು, “ಹೊಸ ಬಟ್ಟೆ ತಂದದ್ದು ನನಗಲ್ಲ,” ಎಂದಳು. ವೀರಭದ್ರಯ್ಯನಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿದ್ದು ಆಗ. ಜಗದಾಂಬ ಅವರ ಪ್ರಶ್ನೆಗಲ್ಲ, ಅವಳ ಆ ಒಂದು ಮಾತಿಗೆ.

ಜಗದಾಂಬ ರೇಷ್ಮೆಯ ಮೇಲೆ ಕೈಯಾಡಿಸಿದರು. “ಎಷ್ಟು ಚೆಂದ ಕೂರಿಸಿದ್ದೀಯಮ್ಮ. ತೋಳಾಗಿದ್ರೂ ಇಷ್ಟು ಚೆನ್ನಾಗಿ ಕಾಣ್ತಿರ್ಲಿಲ್ಲ.” ಆಮೇಲೆ ತಿರುಗಿದರು. “ಏನಯ್ಯಾ, ಊರಿನೋರ ಬಟ್ಟೆ ತೋರಿಸೋಕೆ ನಾಚಿಕೆಯಿಲ್ಲ, ನಂದು ತೋರಿಸೋಕೆ ಮಾತ್ರ ನಾಚಿಕೆನಾ? ಅಷ್ಟು ಬೇಡವಾದೋರಾ ನಾವು?”

“ತಪ್ಪಾಯ್ತು ಅಮ್ಮಾವ್ರೇ,” ಎಂದ ವೀರಭದ್ರಯ್ಯ. “ಮದುವೆ ಬಟ್ಟೆ ದೇವೀರಪ್ಪನಿಗೇ ಕೊಡಿ. ನಾನು ಅದಕ್ಕೆ ಯೋಗ್ಯನಲ್ಲ.”

“ದೇವೀರಪ್ಪ ಯಾಕೆ? ಅವನೇನು ನಿನಗಿಂತ ಸಾಚಾನಾ? ಮದುವೆ ಬಟ್ಟೆ ನಿಮ್ಮ ಮನೆಗೇ ಕೊಡ್ತೀನಿ.”

ವೀರಭದ್ರಯ್ಯನ ಮುಖ ಅರಳಿತು. ಅರಳಿದ್ದು ಅರೆಗಳಿಗೆ.

“ಸುಲೋಚನಮ್ಮಂಗೆ ಕೊಡ್ತೀನಿ. ಬಂಗಲೆಗೇ ಬಂದು, ನನ್ನ ಕಣ್ಣೆದುರಿಗೇ ಕತ್ತರಿಸ್ಲಿ. ಅಳತೆ ಅವಳದು, ಕತ್ತರಿ ಅವಳದು. ಮಿಕ್ಕ ಚೂರೆಲ್ಲ ಹೇಳಿ ತಗೊಂಡು ಹೋಗ್ಲಿ, ನಮ್ಮ ಹಾಲಿಗೆ ಒಂದು ದೊಡ್ಡ ಬೊಂತೆ ಮಾಡ್ಲಿ.”

“ಮತ್ತೆ... ನಾನು, ಅಮ್ಮಾವ್ರೇ?”

ಜಗದಾಂಬ ಸುಲೋಚನಮ್ಮನ ಕಡೆ ನೋಡಿದರು. ಆ ತೀರ್ಮಾನ ಅವಳದೇ ಎಂಬಂತೆ. ಹಾಲಿನ ಜನವೆಲ್ಲ ಅವಳ ಕಡೆ ನೋಡಿತು. ಸುಲೋಚನಮ್ಮ ಗೋಟಿನ ಬಟ್ಟೆಯನ್ನು ಪೂರ್ತಿ ಕಿತ್ತು, ನೀಟಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳತೆ ತೆಗೆದುಕೊಂಡಂತೆ ನೋಡಿದಳು.

“ಬರ್ಲಿ ಅಮ್ಮಾವ್ರೇ,” ಎಂದಳು. “ಮೆಷಿನ್ ಹೊತ್ಕೊಂಡು ಬರಕ್ಕೆ ಒಬ್ರು ಬೇಕಲ್ಲ. ತುಳಿಯೋಕೂ ಆಯ್ತು. ಇವರ ಕಾಲು ಒಳ್ಳೇದೇ ಐತೆ, ಕೈ ಒಂದನ್ನ ನಾನು ನೋಡ್ಕತೀನಿ.”

ಈರಮ್ಮ ಮೊದಲು ಚಪ್ಪಾಳೆ ತಟ್ಟಿದಳು. ಗಯಾಜ್ ತಟ್ಟಿದ. ಸುಮಿತ್ರಮ್ಮನವರು ಸಮಾಜದ ಮೊದಲನೇ ಬಹುಮಾನ ಇದಕ್ಕೇ ಎಂದು ಕೂಗಿದರು, ಹಾಲಿಗೆ ಹಾಲೇ ತಟ್ಟಿತು. ಏನು ಮಾಡಬೇಕೆಂದು ತೋಚದೆ ವೀರಭದ್ರಯ್ಯನೂ ತಟ್ಟಿದ.